ಫಕೀರಪ್ಪನ ತಗ್ಗು

ನಮ್ಮ ಮನೆಯ ಹಳೆಯ ಕಾರಿನ ಹಿಂದಿನ ಬಾಗಿಲನ್ನು ಮುಚ್ಚಬೇಕಾದರೆ ಅದನ್ನು ಮೊದಲು ಒಂದು ಬೆರಳಿನಷ್ಟು ಮೇಲಕ್ಕೆತ್ತಿ, ಆಮೇಲೆ ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮೆಲ್ಲಗೆ ಒಳಕ್ಕೆ ನೂಕಬೇಕು. ರಭಸದಿಂದ ಎಳೆದವರಿಗೆ ಅದು ಒಲಿಯುವುದಿಲ್ಲ. ಬೆಟಗೇರಿಯ ನಮ್ಮ ಓಣಿಯವರಿಗೆಲ್ಲ ಈ ಪದ್ಧತಿ ಗೊತ್ತು. ಹೊಸಬರು ಯಾರಾದರೂ ಗಾಡಿ ಹತ್ತಿದರೆ ಕಟ್ಟೆಯ ಮೇಲೆ ಕುಳಿತವರೇ "ಎತ್ತಿ ಹಾಕ್ರಿ, ಎತ್ತಿ ಹಾಕ್ರಿ" ಎಂದು ಕೂಗಿ ಹೇಳುತ್ತಾರೆ. ರಿಪೇರಿ ಮಾಡಿಸಬಾರದೇ ಎಂದು ನೀವು ಕೇಳಬಹುದು. ಕೇಳಿದವರು ಬಹಳ ಮಂದಿ. ಅರವತ್ತು ದಾಟಿದ ನನ್ನ ಮೊಣಕಾಲಿಗೂ ಹೀಗೆಯೇ ಏಳಬೇಕು, ಹೀಗೆಯೇ ಕೂರಬೇಕು ಎಂಬ ಪದ್ಧತಿಯಿದೆ. ಅದರೊಂದಿಗೆ ಹೊಂದಿಕೊಂಡವಳಿಗೆ ಬಾಗಿಲಿನದೇನು ದೊಡ್ಡ ಮಾತು ಎಂದು ನಗುತ್ತೇನೆ.

ಈ ಕಾರು ನಮ್ಮ ತಂದೆಯದು. ಅವರು ಮುಂಡರಗಿಯಲ್ಲಿ ದನದ ಡಾಕ್ಟರು. ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಅಲೆದು ಅಲೆದು ಸಾಕಾಗಿ, ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿಯೊಬ್ಬರು ಬಳಸಿ ಬಿಟ್ಟ ಈ ಇಂಗ್ಲೆಂಡಿನ ಗಾಡಿಯನ್ನು ಕೊಂಡರು. ಗಾಡಿಯ ಜೊತೆಗೆ ಒಂದು ಸ್ಟೆಪ್ನಿ, ಒಂದು ಜಾಕು, ಮತ್ತು ಶಿರಹಟ್ಟಿಯ ಫಕೀರಪ್ಪ ಬಂದರು. ಫಕೀರಪ್ಪ ವ್ಯಾಪಾರಿಯ ಡ್ರೈವರು. ಗಾಡಿ ಹೋದಲ್ಲಿ ತಾನೂ ಹೋಗುವುದೇ ಸರಿ ಎಂದುಕೊಂಡು ಮುಂಡರಗಿಗೆ ಬಿಡಾರ ತಂದವನು. ಇಪ್ಪತ್ತಾರು ವರ್ಷ ಈ ಸ್ಟೇರಿಂಗ್ ಹಿಡಿದ. ಅದರ ಮೇಲ್ಭಾಗದಲ್ಲಿ, ಎರಡು ಕೈ ಊರುವ ಕಡೆ, ಕರಿಯ ಬಣ್ಣ ಸವೆದು ಒಳಗಿನ ಕಂದು ಕಾಣುತ್ತದಲ್ಲ, ಅದು ಅವನ ಅಂಗೈಯ ಗುರುತು.

ತಂದೆ ಹೋದ ಮೇಲೆ ಅಣ್ಣ ಈ ಗಾಡಿ ಬೇಡವೆಂದ. ನಾನು ಬೇಕೆಂದೆ. ಆಗ ನಾನು ಬೆಟಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು, ಸ್ಕೂಟರನ್ನೂ ಮುಟ್ಟಿದವಳಲ್ಲ. ಐವತ್ತರ ಹೊಸ್ತಿಲಲ್ಲಿ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆಳಗಿನ ಹೊತ್ತು ಲಕ್ಕುಂಡಿಯ ದಾರಿಯಲ್ಲಿ ಇದೇ ಗಾಡಿಯಲ್ಲಿ ಓಡಿಸುವುದನ್ನು ಕಲಿತೆ. ಎದುರಿಗೆ ಬಸ್ಸು ಬಂದಾಗಲೆಲ್ಲ ಯಜಮಾನರು ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಿದ್ದರು. ದೇವರು ಓಗೊಟ್ಟಿದ್ದಾನೆ, ಇಬ್ಬರೂ ಇದ್ದೇವೆ.

ಗಾಡಿಯ ರೂಪವನ್ನು ನಿಮಗೆ ಹೇಳಬೇಕು. ಒಂದಾನೊಂದು ಕಾಲದ ಕಪ್ಪು ಬಣ್ಣ ಈಗ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆಯಂತಾಗಿದೆ. ಸೀಟಿನ ತೊಗಲು ಬೇಸಗೆಯ ಎರೆಹೊಲದ ಹಾಗೆ ಬಿರಿದಿದೆ. ಹಿಂದಿನ ಸೀಟಿನ ಮೇಲೆ ಗೊರಸಿನ ಗೀರುಗಳಿವೆ: ತಾಯಿ ಸತ್ತ ಕರುವೊಂದನ್ನು ತಂದೆ ಮನೆಗೆ ತಂದಾಗ ಅದು ದಾರಿಯುದ್ದಕ್ಕೂ ಒದ್ದಾಡಿ ಮಾಡಿದ್ದು. ಮತ್ತು ಎಡಗಡೆಯ ಮುಂದಿನ ಮಡಗಾರ್ಡಿನ ಮೇಲೆ, ಒಂದು ಸಣ್ಣ ಬುಟ್ಟಿಯನ್ನು ಬೋರಲು ಹಾಕಿ ಒತ್ತಿದಷ್ಟು ಅಗಲದ ಒಂದು ತಗ್ಗು. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ 'ಫಕೀರಪ್ಪನ ತಗ್ಗು'.

ಹೋದ ವರ್ಷ ಗದಗಿನ ಕಾಲೇಜು ಮೈದಾನವೊಂದರಲ್ಲಿ ಹಳೆಯ ವಾಹನಗಳ ಪ್ರದರ್ಶನ ಏರ್ಪಾಡಾಯಿತು, ಶನಿವಾರ ಮತ್ತು ಭಾನುವಾರ ಎರಡು ದಿನ. ನಾನೂ ನಮ್ಮ ಗಾಡಿಯ ಹೆಸರು ಕೊಟ್ಟೆ. ಸುದ್ದಿ ತಿಳಿದ ಪೇಂಟರ್ ಬಸಣ್ಣ ಮನೆಗೇ ಬಂದ. "ಅಕ್ಕಾರ, ಒಂದ ವಾರ ಕೊಡ್ರಿ ಸಾಕು. ತಗ್ಗು ತಗದು, ಬಣ್ಣಾ ಹೊಡದು, ಮದಿಮಗಳನ್ನ ಮಾಡಿ ಕೊಡ್ತೇನಿ" ಎಂದ. ಅಜ್ಜಿಯನ್ನು ಮದುಮಗಳನ್ನಾಗಿ ಮಾಡುವ ಆಸೆ ನನಗಿರಲಿಲ್ಲವಾದರೂ ಮನಸ್ಸು ಒಂದಿಷ್ಟು ತೂಗಾಡಿತು. ಅಷ್ಟರಲ್ಲಿ ಪ್ರದರ್ಶನದವರೇ ಫೋನು ಮಾಡಿ, "ಮೇಡಂ, ಕೈ ಮುಗೀತೀನಿ, ಬಣ್ಣಾ ಮಾತ್ರ ಹಚ್ಚಸಬ್ಯಾಡ್ರಿ. ಹೊಳಿಯೂ ಗಾಡಿ ಬೇಕಾದಷ್ಟು ಬರ್ತಾವು, ಇದ್ದಂಗ ಇರೂವು ಎಲ್ಲಿ ಅದಾವು?" ಎಂದರು. ಪ್ರತಿ ಗಾಡಿಯ ಮುಂದೆಯೂ ಅದರ ಚರಿತ್ರೆ ಬರೆದ ಒಂದು ಫಲಕ ಇಡಬೇಕೆಂದೂ ಹೇಳಿದರು.

ಫಲಕವನ್ನು ನಾನೇ ದಪ್ಪ ರಟ್ಟಿನ ಮೇಲೆ ದುಂಡಗೆ ಬರೆದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈ. ಗೊರಸಿನ ಗೀರಿನ ಕಥೆ ಬರೆದೆ, ತಗ್ಗಿನ ಕಥೆಯನ್ನೂ ಬರೆದೆ: 'ಡಂಬಳದ ಕೆರೆಯ ಏರಿಯ ಮೇಲೆ ನಮ್ಮ ಡ್ರೈವರ್ ಫಕೀರಪ್ಪ ಅವಸರದಲ್ಲಿ ಒಂದು ಚಕ್ಕಡಿಯನ್ನು ದಾಟಲು ಹೋಗಿ ಎತ್ತಿಗೆ ಗಾಡಿ ತಾಗಿಸಿದ. ಡಾಕ್ಟರು ಒಂದೂವರೆ ತಿಂಗಳು ದಿನವೂ ಹೋಗಿ ಆ ಎತ್ತನ್ನು ಉಳಿಸಿಕೊಟ್ಟರು.' ನಾನು ಹುಟ್ಟಿನಿಂದ ಕೇಳಿದ ಕಥೆ ಅದು. ಸಣ್ಣವಳಿದ್ದಾಗ ಗಾಡಿಯಲ್ಲಿ ಕೂತು ಎಷ್ಟು ಸಲ "ಕಾಕಾ, ಎತ್ತು ಬಂತು ನೋಡು!" ಎಂದು ಫಕೀರಪ್ಪನನ್ನು ಕಾಡಿಸಿದ್ದೇನೆ! ಅವನು ನಕ್ಕು ಹಾರ್ನ್ ಒತ್ತುತ್ತಿದ್ದ. ಹಿಂದೆ ಕೂತ ತಂದೆ ಮಾತ್ರ "ಸುಮ್ಮನ ಕುಂಡ್ರ" ಎಂದು ಗದರುತ್ತಿದ್ದರು. ಅವರ ಸ್ವಭಾವವೇ ಸಿಡುಕಿನದು ಎಂದುಕೊಂಡಿದ್ದೆ.

ಶನಿವಾರ ಮೈದಾನದಲ್ಲಿ ಕನ್ನಡಿಯಂತೆ ಹೊಳೆಯುವ ಕಾರುಗಳ ಸಾಲಿನಲ್ಲಿ ನಮ್ಮದು ಮದುವೆಯ ಮನೆಗೆ ಹೊಲದಿಂದ ನೇರವಾಗಿ ಬಂದ ಅಜ್ಜಿಯ ಹಾಗೆ ನಿಂತಿತ್ತು. ಆದರೂ ಜನ ಅದರ ಮುಂದೆಯೇ ಹೆಚ್ಚು ಹೊತ್ತು ನಿಂತರು, ಫಲಕ ಓದಿ ನಕ್ಕರು, ತಗ್ಗಿನ ಮೇಲೆ ಕೈಯಾಡಿಸಿ ಫೋಟೋ ತೆಗೆಸಿಕೊಂಡರು. ನಾನೂ ಉಬ್ಬಿಹೋಗಿದ್ದೆ. ಮಧ್ಯಾಹ್ನ, ಕಾಲೇಜು ಕಲಿಯುವ ಮೊಮ್ಮಗಳ ಕೈ ಹಿಡಿದು ನನ್ನದೇ ಪ್ರಾಯದ ಹೆಂಗಸೊಬ್ಬಳು ಬಂದಳು. ಇಳಕಲ್ ಸೀರೆ, ತಲೆ ತುಂಬ ಸೆರಗು. ಮೊಮ್ಮಗಳು ಫಲಕವನ್ನು ಗಟ್ಟಿಯಾಗಿ ಓದಿ ಹೇಳಿದಳು. ಎತ್ತಿನ ಮಾತು ಬಂದಾಗ ಆ ಹುಡುಗಿ ನಕ್ಕಳು, ಅಜ್ಜಿ ನಗಲಿಲ್ಲ.

"ಬಾಯಾರ, ಇದನ್ನ ಬರದವರು ಯಾರ್ರಿ?" ಎಂದಳು ನನ್ನ ಕಡೆ ತಿರುಗಿ.

"ನಾನವ್ವಾ. ಯಾಕ?"

"ನಾ ಫಕೀರಪ್ಪನ ಮಗಳ್ರಿ. ಗಂಗವ್ವ ಅಂತ. ಹಿರೇವಡ್ಡಟ್ಟಿಗೆ ಕೊಟ್ಟಾರ."

ನನಗೆ ಹಿಗ್ಗೋ ಹಿಗ್ಗು. ಎರಡೂ ಕೈಯಿಂದ ಅವಳ ಕೈ ಹಿಡಿದೆ. ಅಪ್ಪನ ಹೆಸರನ್ನು ಇಷ್ಟು ಜನ ಓದುತ್ತಿದ್ದಾರೆಂದು ಅವಳಿಗೂ ಸಂತೋಷವಾಗಿರಬೇಕು ಎಂದುಕೊಂಡೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ದನಿ ತಗ್ಗಿಸಿ, "ಇದು ಖರೆ ಅಲ್ರಿ" ಎಂದಳು. "ಅವತ್ತ ಗಾಡಿ ಹೊಡೀತಿದ್ದಾಂವ ನಮ್ಮಪ್ಪ ಅಲ್ಲ. ಡಾಕ್ಟರ್ ಸಾಹೇಬ್ರು."

ಗಾಡಿಯ ನೆರಳಿನಲ್ಲಿ ಎರಡು ಕುರ್ಚಿ ಹಾಕಿಸಿದೆ. ಗಂಗವ್ವ ಅವಸರವಿಲ್ಲದೆ ಹೇಳಿದಳು. ಆಗ ನಮ್ಮ ತಂದೆಗೆ ಗಾಡಿ ಓಡಿಸುವ ಹುಚ್ಚು ಹೊಸದು. ಹಿರೇವಡ್ಡಟ್ಟಿಯ ಕಡೆ ಒಂದು ದನ ನೋಡಿಕೊಂಡು ಬರುವಾಗ ಫಕೀರಪ್ಪನನ್ನು ಪಕ್ಕಕ್ಕೆ ಸರಿಸಿ ತಾವೇ ಸ್ಟೇರಿಂಗ್ ಹಿಡಿದಿದ್ದರು. ಏರಿಯ ಮೇಲೆ ಮುಂದೆ ಜೋಳದ ಕಣಿಕೆ ಹೇರಿದ ಚಕ್ಕಡಿ ಹೋಗುತ್ತಿತ್ತು. ರೈತ ಹೇರಿನ ಮೇಲೆ ಮಲಗಿ ನಿದ್ದೆ ಹೋಗಿದ್ದ. ಎತ್ತುಗಳು ತಮ್ಮ ಪಾಡಿಗೆ ಮನೆಯ ದಾರಿ ಹಿಡಿದಿದ್ದವು. ತಂದೆ ಬಲಕ್ಕೆ ತೆಗೆದುಕೊಂಡು ಮುಂದೆ ಹೋದವರು, ಪೂರ್ತಿ ದಾಟುವ ಮೊದಲೇ ಎಡಕ್ಕೆ ತಿರುಗಿಸಿಬಿಟ್ಟರು. ಎತ್ತು ಕುಸಿಯಿತು. ರೈತ ಎಚ್ಚರಾಗಿ ಹೇರಿನಿಂದ ಇಳಿಯುವಷ್ಟರಲ್ಲಿ ಒಳಗೆ ಇಬ್ಬರೂ ಸ್ಥಳ ಬದಲಿಸಿದ್ದರು. ಹಾಗೆ ಬದಲಿಸಲು ಹೇಳಿದವನು ಫಕೀರಪ್ಪನೇ: "ಸಾಹೇಬ್ರ, ಈ ಕಡೆ ಸರೀರಿ. ಎತ್ತಿಗೆ ಹಾಯಿಸಿದ ಡಾಕ್ಟರ್ ಕಡೆ ನಾಳೆ ಯಾರು ದನಾ ಹೊಡಕೊಂಡು ಬರ್ತಾರು? ನಾ ಅಂದ್ರ ಡ್ರೈವರ್. ನನ್ನ ಕೈಲೆ ಆತಂದ್ರ ಮಂದಿ ನಾಕ ದಿನಾ ಬೈದು ಬಿಡ್ತಾರು."

ಮಂದಿ ನಾಲ್ಕು ದಿನಕ್ಕೆ ಬಿಡಲಿಲ್ಲ. ಅವನು 'ಎತ್ತಿನ ಫಕೀರಪ್ಪ' ಆದ. ಬಿಡುವಿನ ದಿನಗಳಲ್ಲಿ ಮದುವೆಯ ದಿಬ್ಬಣದ ಗಾಡಿ ಹೊಡೆಯಲು ಅವನನ್ನು ಕರೆಯುತ್ತಿದ್ದವರು, ಎತ್ತನ್ನು ಕೆಡವಿದ ಕೈ, ಶುಭಕಾರ್ಯಕ್ಕೆ ಬೇಡ ಎಂದು ಕರೆಯುವುದನ್ನು ನಿಲ್ಲಿಸಿದರು. ಹೂವಿನ ಮಾಲೆ ಕಟ್ಟಿದ ಗಾಡಿ ಓಡಿಸುವುದೆಂದರೆ ಅವನಿಗೆ ಪ್ರಾಣವಂತೆ. ಇತ್ತ ಎತ್ತು ಎದ್ದು ನಿಂತಿತು, ಸ್ವಲ್ಪ ಕುಂಟುತ್ತ ಚಕ್ಕಡಿಯನ್ನೂ ಎಳೆಯಿತು. ಡ್ರೈವರನ ತಪ್ಪಿಗೆ ಡಾಕ್ಟರು ಎಷ್ಟು ದುಡಿದರು ನೋಡಿರಿ ಎಂದು ನಮ್ಮ ತಂದೆಯ ಹೆಸರು ಹತ್ತು ಊರಿಗೆ ಹಬ್ಬಿತು.

"ಇಷ್ಟ ವರ್ಷ ಯಾಕ ಹೇಳಲಿಲ್ಲವ್ವಾ?" ಎಂದೆ.

"ಅಪ್ಪ ಸಾಯೂ ಮುಂದ ಹೇಳಿ, ಯಾರ ಮುಂದೂ ಅನಬ್ಯಾಡ ಅಂತ ಆಣಿ ಹಾಕ್ಸಿದ್ದ್ರಿ. ಸಾಹೇಬ್ರ ಮ್ಯಾಲ ಅವಗ ಸಿಟ್ಟಿರಲಿಲ್ಲ. ಮಂದಿ ಬಾಯಾಗಿನ ಮಾತು ಆ ಮಂದಿ ಜೋಡೀನ ಹೋಗತೈತಿ ಅಂತ ನಾನೂ ಸುಮ್ಮನಿದ್ದೆ. ಆದ್ರ ನೀವು ಬರದು ಇಟ್ಟೀರಿ. ಬರದದ್ದು ಹಂಗ ಹೋಗಂಗಿಲ್ಲಲ್ರಿ. ನನ್ನ ಮೊಮ್ಮಗಳು ಓದಿ ನಕ್ಕಳು. ಅದಕ್ಕ ಆಣಿ ಮುರದೆ."

ಅವಳು ಹೋದ ಮೇಲೆ ನಾನು ಬಹಳ ಹೊತ್ತು ಅಲ್ಲಿಯೇ ಕೂತೆ. ನಂಬಬೇಕೋ ಬೇಡವೋ ಎಂಬ ಪ್ರಶ್ನೆ ನನ್ನೆದುರಿಗೆ ಇರಲೇ ಇಲ್ಲ, ಗೆಳೆಯರೇ. ನಂಬುವುದಕ್ಕೆ ಬೇಕಾದುದೆಲ್ಲ ನನ್ನ ನೆನಪಿನಲ್ಲಿಯೇ ಅರ್ಥವಾಗದೆ ಬಿದ್ದಿತ್ತು. ಗಾಡಿಯ ಹುಚ್ಚಿದ್ದ ತಂದೆ ನನಗೆ ತಿಳಿವಳಿಕೆ ಬಂದಾಗಿನಿಂದ ಒಂದು ದಿನವೂ ಸ್ಟೇರಿಂಗ್ ಮುಟ್ಟಿದ್ದಿಲ್ಲ. ಡಂಬಳದ ಏರಿ ಬಂದಾಗಲೆಲ್ಲ "ಗಾಳಿ ಚಲೋ ಐತಿ" ಎಂದು ಇಳಿದು, ಗಾಡಿಯನ್ನು ಮುಂದೆ ಕಳಿಸಿ, ಏರಿಯುದ್ದಕ್ಕೂ ತಲೆ ತಗ್ಗಿಸಿ ನಡೆದು ಬರುತ್ತಿದ್ದರು. ಆ ತಗ್ಗನ್ನು ಸರಿಮಾಡಿಸೋಣವೆಂದು ಅವ್ವ ಎಷ್ಟು ಸಲ ಹೇಳಿದರೂ "ಇರಲಿ ಬಿಡು" ಎನ್ನುತ್ತಿದ್ದರು. ಅದನ್ನು ಜಿಪುಣತನವೆಂದು ಅಣ್ಣನೂ ನಾನೂ ಆಡಿಕೊಂಡು ನಗುತ್ತಿದ್ದೆವು. ಬಾಯಿಂದ ಹೇಳಲಾರದೆ ಹೋದದ್ದನ್ನು ಅವರು ಕಣ್ಣೆದುರಿಗೆ ಇಟ್ಟುಕೊಂಡು ಬದುಕಿದರು. ಅದು ಸಾಕಿತ್ತೇ? ಅವರಿಗೆ ಅದು ಹೊರೆಯಾಗಿತ್ತು, ನಿಜ. ಆದರೆ ಎಲ್ಲರೆದುರಿಗೆ ಹೊರೆ ಹೊತ್ತವನು ಬೇರೆ. ಪ್ರೀತಿಯ ತಂದೆಯನ್ನು ಅಳೆಯುವುದಕ್ಕೆ ಮಗಳ ಬಳಿ ಸರಿಯಾದ ಮಾಪಕವಿರುವುದಿಲ್ಲ. ನನಗೆ ಹೆಚ್ಚು ಚುಚ್ಚಿದ್ದು ನನ್ನದೇ ಕೆಲಸ. ಗಾಡಿಗೆ ಬಣ್ಣ ಬೇಡ, ಇದ್ದಂತೆಯೇ ಇರಲಿ ಎಂದು ದೊಡ್ಡದಾಗಿ ಹೇಳಿಕೊಂಡು ತಿರುಗಿದವಳು, ಕಥೆಗೆ ಹಚ್ಚಿದ್ದ ಬಣ್ಣವನ್ನು ಉಗುರಿನಿಂದ ಕೆರೆದು ಕೂಡ ನೋಡಿರಲಿಲ್ಲ.

ಸಂಜೆ ಹುಬ್ಬಳ್ಳಿಯಲ್ಲಿರುವ ಅಣ್ಣನಿಗೆ ಫೋನು ಮಾಡಿದೆ. ಅವನು ಎಲ್ಲವನ್ನೂ ಕೇಳಿ ಹೇಳಿದ: "ಅಪ್ಪ ಇಲ್ಲ, ಫಕೀರಪ್ಪ ಇಲ್ಲ, ಆ ಎತ್ತೂ ಇಲ್ಲ. ಈಗ ಯಾರಿಗೆ ಬೇಕಾಗೇತಿ ಇದು? ಬೇಕಾದ್ರ ಫಲಕಾನ ತಗದು ಬಿಡು. ಅಪ್ಪನ ಹೆಸರು ಯಾಕ ಕೆಡಸ್ತಿ?"

"ಗಂಗವ್ವ ಅದಾಳಲ್ಲ, ಅಣ್ಣಾ" ಎಂದೆ.

ಅವನು ಒಪ್ಪಲಿಲ್ಲ. ಬೇಡ ಎಂದೂ ಮತ್ತೊಮ್ಮೆ ಹೇಳಲಿಲ್ಲ. ಫಲಕವನ್ನು ಸುಮ್ಮನೆ ತೆಗೆದುಬಿಡುವುದು ಸುಲಭವಿತ್ತು; ಆದರೆ ಆ ದಿನ ನೂರಾರು ಜನ ಅದನ್ನು ಓದಿ ಹೋಗಿದ್ದರು. ಭಾನುವಾರ ಬೆಳಿಗ್ಗೆ ಎದ್ದು ಹೊಸ ರಟ್ಟು ತೆಗೆದುಕೊಂಡೆ. ಮೊದಲ ದಿನದ್ದಕ್ಕಿಂತ ಸಣ್ಣ ಬರಹ, ಆದರೆ ಹೆಚ್ಚು ಹೊತ್ತು ಹಿಡಿಯಿತು. 'ಈ ತಗ್ಗು ನಮ್ಮ ತಂದೆಯ ಕೈಯಿಂದ ಆದದ್ದು. ಡಂಬಳದ ಕೆರೆಯ ಏರಿಯ ಮೇಲೆ ಅವರು ಗಾಡಿಯನ್ನು ಎತ್ತಿಗೆ ತಾಗಿಸಿದರು. ತಪ್ಪನ್ನು ತನ್ನ ಮೇಲೆ ಹೊತ್ತುಕೊಂಡು ಕೊನೆಯವರೆಗೂ ಸುಮ್ಮನಿದ್ದವರು ಚಾಲಕ ಫಕೀರಪ್ಪ. ನಿನ್ನೆ ಇಲ್ಲಿ ಬರೆದದ್ದು ಸುಳ್ಳು.' ಮಾಸ್ತರಿಕೆಯ ಹೆಂಗಸಿಗೆ ಕೊನೆಯ ಸಾಲನ್ನು ಬರೆಯುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತೋ ಇಲ್ಲವೋ.

ಮೈದಾನದಲ್ಲಿ ಪ್ರಳಯವೇನೂ ಆಗಲಿಲ್ಲ. ಕೆಲವರು ಓದಿ ತಲೆದೂಗಿ ಮುಂದೆ ಹೋದರು. ಒಬ್ಬಾತ ಪೂರ್ತಿ ಓದಿ, "ಅದಿರಲಿ ಮೇಡಂ, ಲೀಟರಿಗೆ ಎಷ್ಟು ಕೊಡತೈತ್ರಿ?" ಎಂದ. ತಂದೆಯ ಹೆಸರು ಕೆಟ್ಟಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಡಂಬಳದ ಮುದುಕರೊಬ್ಬರು ಮಾತ್ರ ಚಾಳೀಸು ಏರಿಸಿಕೊಂಡು ಎರಡು ಸಲ ಓದಿ, "ನಾವು ಆ ಡ್ರೈವರನ್ನ ಭಾಳ ಬೈದ್ವಿ" ಎಂದು ತಮಗೆ ತಾವೇ ಎಂಬಂತೆ ಹೇಳಿ ಹೋದರು.

ಹಿಂದಿನ ದಿನ ನಂಬರು ಕೊಟ್ಟು ಹೋಗಿದ್ದ ಆ ಮೊಮ್ಮಗಳಿಗೆ ಫೋನು ಮಾಡಿ ಹೇಳಿದ್ದೆನಾದ್ದರಿಂದ ಮಧ್ಯಾಹ್ನ ಗಂಗವ್ವ ಬಂದಳು. ನಾನೇ ಎದ್ದು ನಿಂತು ಫಲಕವನ್ನು ಓದಿ ಹೇಳಿದೆ. ಅವಳು ಸೆರಗನ್ನು ಬಾಯಿಗೆ ಹಿಡಿದು ಕೇಳಿದಳು. ಇನ್ನೊಮ್ಮೆ ಓದಿರಿ ಎಂದಳು, ಓದಿದೆ.

"ಬರೇ ಫಕೀರಪ್ಪ ಅಂತ ಬರದೀರೇನ್ರಿ?"

"ಹೌದವ್ವಾ."

"ಶಿರಹಟ್ಟ್ಯಾಗ ಮನಿಗೊಬ್ಬ ಫಕೀರಪ್ಪ ಅದಾನ್ರಿ ಬಾಯಾರ. ಅಡ್ಡಹೆಸರು ಬರೀರಿ. ಯಾವ ಫಕೀರಪ್ಪ ಅಂತ ತಿಳೀಬೇಕಲ್ಲ?"

ಪೆನ್ನಿನ ಟೋಪಿ ತೆಗೆದವಳು ಹಾಗೆಯೇ ನಿಂತುಬಿಟ್ಟೆ. ಇಪ್ಪತ್ತಾರು ವರ್ಷ ನಮ್ಮ ಮನೆಯ ಗಾಡಿ ಓಡಿಸಿದವನು. ಮಳೆ ಬಂದ ದಿನ ನನ್ನನ್ನು ಎತ್ತಿಕೊಂಡು ಶಾಲೆಯ ಮೆಟ್ಟಿಲಿನ ಮೇಲೆ ಇಳಿಸಿದವನು. ಚಹಾಕ್ಕೆ ಎಷ್ಟು ಸಕ್ಕರೆ ಬೇಕು, ಯಾವ ಹಲ್ಲು ನೋಯುತ್ತದೆ ಎಂಬುದೆಲ್ಲ ನಮಗೆ ಗೊತ್ತಿತ್ತು. ಅಡ್ಡಹೆಸರು ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ.

"ನನಗ ಗೊತ್ತಿಲ್ಲ, ಗಂಗವ್ವಾ" ಎಂದೆ.

ಅವಳಿಗೆ ಅಚ್ಚರಿಯೇನೂ ಆದಂತೆ ಕಾಣಲಿಲ್ಲ. "ಬೂದಿಹಾಳ" ಎಂದಳು, ನಾನು ತಪ್ಪು ಬರೆಯಬಾರದೆಂಬಂತೆ ಒಂದೊಂದೇ ಅಕ್ಷರವನ್ನು ಬಿಡಿಸಿ. ಸಾಲಿನಲ್ಲಿ ಜಾಗವಿರಲಿಲ್ಲ. ಹೆಸರಿನ ಪಕ್ಕ ಒಂದು ಸಣ್ಣ ಗುರುತು ಹಾಕಿ, ಮೇಲೆ ಬರೆದೆ: ಬೂದಿಹಾಳ. ಗಂಗವ್ವ ಫಲಕದ ಮೇಲೆ ಬಗ್ಗಿ, ಓದಲು ಬಾರದಿದ್ದರೂ, ಶಾಯಿ ಒಣಗುವ ತನಕ ಅದನ್ನೇ ನೋಡುತ್ತ ನಿಂತಳು.