ಫಕೀರವ್ವ, ಆ ಉಸುಕು ನನ್ನ ಮನೆಗೇ ಬಂದಿತ್ತು

ಫಕೀರವ್ವ, ಅಂದು ಸುಳ್ಳು ಹೇಳಿದವಳು ನಾನು. ನೀನಲ್ಲ. ಇದನ್ನು ಆಗಲೇ, ಇಡೀ ಏಳನೆಯ ತರಗತಿಯ ಎದುರು ಹೇಳಬೇಕಿತ್ತು — ಹೇಳಲಿಲ್ಲ. ನಿನ್ನನ್ನು ಶಾಲೆ ಬಿಡಿಸಿದ್ದು ನಿಮ್ಮಪ್ಪನಲ್ಲ, ನನ್ನ ಈ ಹಾಳು ಬಾಯಿ.

ಹೊಳೆ ಯಾಕೆ ಬತ್ತುತ್ತದೆ ಎಂಬ ಪಾಠ ಅದು. ನೋಡಲು ತಾಲೂಕಿನಿಂದ ಸಾಹೇಬರು ಬಂದಿದ್ದರು. ನಿಮ್ಮನ್ನೆಲ್ಲ ದುಂಡಗೆ ನಿಲ್ಲಿಸಿ ಒಂದೇ ದಾರವನ್ನು ಕೈಯಿಂದ ಕೈಗೆ ಹಾಯಿಸಿದ್ದೆ — ಒಬ್ಬ ಕಬ್ಬು, ಒಬ್ಬ ಪಂಪ್‌ಸೆಟ್, ಒಬ್ಬಳು ಪಟ್ಟಣದ ನಳ, ಒಬ್ಬಳು ಮೀನು. ಒಬ್ಬರು ಎಳೆದರೆ ಎಲ್ಲರ ಬೆರಳೂ ಜಗ್ಗಬೇಕು. ಇಂಥ ತೊಡಕಿಗೆ ಒಬ್ಬನೇ ತಪ್ಪಿತಸ್ಥ ಇರುವುದಿಲ್ಲ ಎಂದು ತಿಳಿಯಬೇಕು. ಪಾಠ ಅಷ್ಟೇ. ನಿನಗೆ ಉಸುಕಿನ ಪಾತ್ರ ಕೊಟ್ಟೆ. ಬೇಕೆಂದೇ ಕೊಟ್ಟೆ — ನಿಮ್ಮಪ್ಪ ಹೊಳೆಯಲ್ಲಿ ಟ್ರ್ಯಾಕ್ಟರ್‌ಗೆ ಉಸುಕು ತುಂಬುವವನು, ಪಾಠಕ್ಕೆ ಕಳೆ ಬರಲಿ ಎಂದು.

“ಹಂಗಾರ ಹೊಳಿ ಕೆಡಿಸಿದವ್ರು ಯಾರು?” ಎಂದು ಸಾಹೇಬರು ಕೇಳಿದರು. “ಎಲ್ಲಾರೂ” ಎನ್ನಬೇಕಾದ ನಾನು, ಥಟ್ಟನೆ ಒಂದು ಉತ್ತರ ಒಪ್ಪಿಸುವ ಆಸೆಗೆ ಬಿದ್ದು ನಿನ್ನತ್ತ ಬೆರಳು ಮಾಡಿದೆ. “ಇಕಿ ಅಪ್ಪನ್ನ ಕೇಳ್ರಿ ಸರ್.” ತರಗತಿ ಗೊಳ್ಳೆಂದಿತು. ಸಾಹೇಬರೂ ನಕ್ಕರು. ನಾನೂ.

ನೀನು ಅಳಲಿಲ್ಲ. ದಾರವನ್ನು ಮೆಲ್ಲಗೆ ನನ್ನ ಕಡೆ ಚಾಚಿ, “ಅಕ್ಕೋರ, ಮುಂಡರಗ್ಯಾಗ ನಿಮ್ಮ ಮನಿಗೂ ನಮ್ಮಪ್ಪನಽ ಉಸುಕು ಹಾಕ್ಯಾನಲ್ಲರಿ?” ಎಂದೆ. ಅದರಲ್ಲಿ ಸಿಟ್ಟಿರಲಿಲ್ಲ. ನಾನು ಕಲಿಸಿದ್ದು ಆ ತರಗತಿಯಲ್ಲಿ ತಿಳಿದದ್ದು ನಿನಗೊಬ್ಬಳಿಗೇ.

ಪರವಾನಗಿ ಇಲ್ಲದ ಉಸುಕು ಅದು — ಮುಂಡರಗಿಯಲ್ಲಿ ಮನೆ ಕಟ್ಟಿಸುವಾಗ ನಿಮ್ಮಪ್ಪನಿಗೆ ದುಂಬಾಲು ಬಿದ್ದು ನಾನೇ ತರಿಸಿಕೊಂಡದ್ದು. ಸಾಹೇಬರ ನಗು ನಿಂತಿತ್ತು. ನಾನು ನಿನ್ನ ಮೇಲೆ ರೇಗಿದೆ: “ಸುಳ್ಳ ಬೊಗಳಬ್ಯಾಡ! ಎಲ್ಲಾರ ಮುಂದ ನೆಲಕ್ಕ ಮೂಗ ತಿಕ್ಕು, ತಪ್ಪಾತು ಅನ್ನು.”

ನೀನು ತಿಕ್ಕಿದೆ. ತಪ್ಪಾತ್ರಿ ಎಂದೆ.

ಅಂದಿನಿಂದ ಮಕ್ಕಳು ನಿನ್ನನ್ನು ಸುಳ್ಳಿ ಎಂದೇ ಕರೆದರು. ನೀನು ಬರುವುದು ನಿಂತಿತು. ಶಾಲೆ ತಪ್ಪಿಸಿದವರ ಮನೆ ಮನೆಗೆ ಹೋಗುತ್ತಿದ್ದ ನಾನು ನಿಮ್ಮ ಓಣಿಗೆ ಕಾಲಿಡಲಿಲ್ಲ. ನಿರಾಳವೆನಿಸಿತ್ತು — ಅದನ್ನೂ ಹೇಳಿಬಿಡುತ್ತೇನೆ. ಆ ಪಾಠಕ್ಕೆ ನನಗೆ ಶಾಲು ಹೊದಿಸಿದರು. ಈಗಲೂ ವರ್ಷ ವರ್ಷ ಅದೇ ಪಾಠ ಮಾಡುತ್ತೇನೆ, ಉಸುಕನ್ನು ಮಾತ್ರ ಬಿಟ್ಟು.

ಮೊನ್ನೆ ನೀನು ಮಗಳನ್ನು ಒಂದನೆಯ ತರಗತಿಗೆ ಹಚ್ಚಲು ಬಂದೆ. ಬೈಯುತ್ತೀಯೆಂದು ಕಾದೆ, ಬೈದಿದ್ದರೆ... ನೀನು ನನ್ನ ಕಾಲಿಗೆರಗಿ, ಮಗುವಿನ ಗಲ್ಲ ಹಿಡಿದು ಹೇಳಿದೆ: “ಅಕ್ಕೋರು ಏನಂದ್ರೂ ಹೂಂ ಅನಬೇಕವಾ. ಎದುರ ಮಾತಾಡಬಾರ್ದು, ತಿಳೀತಿಲ್ಲೊ?”

ಮಗು ನನ್ನನ್ನೇ ನೋಡುತ್ತ ಹೂಂ ಎಂದಿತು.

ಹಾಗೆ ಕಲಿಸಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಫಕೀರವ್ವ. “ಶಾಣ್ಯಾಕಿ ಅದಾಳ” ಎಂದು ಅದರ ತಲೆ ಸವರಿದೆ.