ಹಿಡಿಯದ ತಾರಸಿ

ಬೆಳಕು ಹರಿಯುವ ಮೊದಲು ಅವಳು ನೀರು ತುಂಬಬೇಕು. ಒಲೆ ಹಚ್ಚಬೇಕು. ಗಂಡನ ಪ್ಯಾಂಟಿಗೆ ಮೆತ್ತಿ ಗಟ್ಟಿಯಾದ ಸಿಮೆಂಟನ್ನು ಚಮಚದ ಹಿಡಿಯಿಂದ ಕೆರೆದು ಉದುರಿಸಬೇಕು. ಅವನಿಗೆ, ನಾದಿನಿಗೆ, ತನಗೆ ಊಟದ ಡಬ್ಬಿ ಕಟ್ಟಬೇಕು. ಅವನ ಡಬ್ಬಿಯಲ್ಲಿ ಒಂದು ಪದಾರ್ಥ ಇನ್ನೊಂದಕ್ಕೆ ತಾಗಬಾರದು. ಸ್ನಾನದ ನೀರು ಅವನು ಏಳುವ ಹೊತ್ತಿಗೆ ಸುಡದೆ, ಆರದೆ ಹದವಾಗಿರಬೇಕು. ಹಿಂದಿನ ರಾತ್ರಿ ನೆಲಕ್ಕೆ ರಕ್ತ ಬಿದ್ದಿದ್ದರೆ ಅದನ್ನೂ ಒರೆಸಬೇಕು. ತಣ್ಣೀರಿನಲ್ಲೇ ಒರೆಸಬೇಕು, ಬಿಸಿನೀರಿಗೆ ಕಲೆ ಕೂತುಬಿಡುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮದುವೆಯಾದ ವರ್ಷವೇ ತಾನಾಗಿ ಕಲಿತದ್ದು.

ಇಷ್ಟೆಲ್ಲ ಮುಗಿಸಿ ಅವಳು ಹೊರಟರೆ, "ಹೊರಟಳು ನೋಡಪ್ಪ ದುಡಿಯೋಕೆ" ಎನ್ನುತ್ತಿದ್ದ ಅವನು, ಅಲ್ಲಿಯವರೆಗೆ ಅವಳು ಕೈ ಕಟ್ಟಿ ಕೂತಿದ್ದಳೇನೋ ಎಂಬಂತೆ.

ದುಡಿಯುತ್ತಿದ್ದದ್ದು ಊರಾಚೆಯ ಕಾಂಕ್ರೀಟ್ ಯಾರ್ಡಿನಲ್ಲಿ. ಜಲ್ಲಿ, ಮರಳು, ಸಿಮೆಂಟು ಕಲಸಿ ಲಾರಿಗೆ ತುಂಬುವ ಜಾಗ. ಅದರ ಮೂಲೆಯಲ್ಲೊಂದು ತಗಡಿನ ಶೆಡ್ಡು, ಶೆಡ್ಡಿನಲ್ಲಿ ನೀಲಿ ಪೀಪಾಯಿಗಳು. ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕಗಳನ್ನು ಅಲ್ಲಿ ಎಲ್ಲರೂ ಮದ್ದು ಎನ್ನುತ್ತಿದ್ದರು, ಅವಳನ್ನು ಮದ್ದಕ್ಕ. ನೀರು ಹೆಚ್ಚಿಸದೆಯೇ ಕಾಂಕ್ರೀಟ್ ತೆಳ್ಳಗೆ ಹರಿಯುವಂತೆ ಮಾಡುವುದು ಒಂದು ಮದ್ದು. ತೊಟ್ಟಿ, ಬಚ್ಚಲುಗಳಲ್ಲಿ ನೀರು ಜಿನುಗದಂತೆ ತಡೆಯುವುದು ಇನ್ನೊಂದು. ಬಿಸಿಲಲ್ಲಿ ದೂರ ಹೋಗುವ ಲಾರಿಯೊಳಗೇ ಸರಕು ಕಲ್ಲಾಗಬಾರದಲ್ಲ, ಅದಕ್ಕೆ ತಡದ ಮದ್ದು. ಅದಕ್ಕೆ ಸವತಿಯಂತೆ ಬೇಗದ ಮದ್ದು: ಸುರಿದದ್ದು ಬೇಗ ಹಿಡಿದು ಗಟ್ಟಿಯಾಗಲಿ ಎಂದು. ಬೇಗದ್ದನ್ನು ಬಕೆಟ್‌ಗಟ್ಟಲೆ ಹೊಯ್ಯಬೇಕು. ತಡದ್ದನ್ನು ಸಾರಿಗೆ ಉಪ್ಪು ಹಾಕಿದಂತೆ, ಕೈ ಬಿಗಿಹಿಡಿದು. ಪೀಪಾಯಿಗಳ ಮೇಲಿನ ಚೀಟಿಗಳು ಎಂದೋ ಅಳಿಸಿಹೋಗಿದ್ದವು. ಅವಳು ಮುಚ್ಚಳ ತೆಗೆದು ಮೂಸುತ್ತಿದ್ದಳು. ತಡದ್ದಕ್ಕೆ ಕೆಟ್ಟ ಬೆಲ್ಲದ ವಾಸನೆ, ಬೇಗದ್ದಕ್ಕೆ ತುಕ್ಕಿನ ಘಾಟು.

"ಮದ್ದಕ್ಕಾ, ಯಜಮಾನ್ರ ಊಟಕ್ಕೂ ಒಂದು ಚಮಚ ಹಾಕಿ. ಮೆತ್ತಗಾಗ್ತಾರೆ" ಎಂದು ಅವಳ ಕಣ್ಣಿನ ಕೆಳಗಿನ ನೀಲಿ ನೋಡಿ ಡ್ರೈವರುಗಳು ಹೇಳುವುದಿತ್ತು.

"ಹಾಕಿ ನೋಡಿದ್ದಾಯ್ತು. ಆ ಸಿಮೆಂಟಿಗೆ ಯಾವ ಮದ್ದೂ ನಾಟಲ್ಲ" ಎನ್ನುತ್ತಿದ್ದಳು ಅವಳು. ಅವರು ನಕ್ಕು ಲಾರಿ ಹತ್ತುತ್ತಿದ್ದರು. ಅಲ್ಲಿಗೆ ಅವರ ಮರುಕ ಮುಗಿಯುತ್ತಿತ್ತು.

ಗಂಡ ಸೆಂಟ್ರಿಂಗ್ ಮೇಸ್ತ್ರಿ. ತಾರಸಿಯ ಅಡಿಗೆ ಹಲಗೆ ಹಾಸಿ, ಮರದ ಕಂಬಗಳ ಆಸರೆ ಕೊಟ್ಟು, ಕಾಂಕ್ರೀಟ್ ಹಿಡಿದ ಮೇಲೆ ಬಿಚ್ಚುವ ಕೆಲಸ. ಬಿಚ್ಚುವಾಗ ಅವನು ಒಳಗೆ ಕಾಲಿಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಬೀಡಿ ಹಚ್ಚಿ, ತಂಗಿಯನ್ನು ಕಳಿಸುತ್ತಿದ್ದ. "ನೀನು ಕಡ್ಡಿ ಇದ್ದ ಹಾಗಿದೀಯ, ಸಂದೀಲಿ ನುಗ್ತೀಯ" ಎನ್ನುತ್ತಿದ್ದ. ನಾದಿನಿ ನುಗ್ಗಿ, ಕಂಬದ ಬುಡದ ಬೆಣೆಯನ್ನು ಸುತ್ತಿಗೆಯಿಂದ ಹಾರಿಸಿ, ಹಲಗೆ ತಲೆ ಮೇಲೆ ಬೀಳುವ ಮೊದಲು ಹಿಂದಕ್ಕೆ ನೆಗೆಯುತ್ತಿದ್ದಳು. ಗಂಡನನ್ನು ಬಿಟ್ಟು ಬಂದವಳು. ಅಣ್ಣನ ಸೂರಿಗೆ ಅವಳು ಹೀಗೆ ಬಾಡಿಗೆ ಕಟ್ಟುತ್ತಿದ್ದಳು.

ಆ ಸೋಮವಾರ ಸ್ನಾನದ ನೀರು ಆರಿತ್ತು. ಅವನು ಚೊಂಬನ್ನೇ ಬೀಸಿ ಮುಖಕ್ಕೆ ಹೊಡೆದ. ಮೂಗಿನೊಳಗೆ ಏನೋ ಲಟಕ್ಕೆಂದಿತು. ಒಂದು ಕಣ್ಣು ಊದಿ ಮುಚ್ಚಿಕೊಂಡಿತು. ಮೂಗಿಗೆ ಹತ್ತಿ ತುರುಕಿಕೊಂಡು ಅವಳು ಯಾರ್ಡಿಗೆ ಹೋದಳು. ಮೊದಲ ಲೋಡು ಅವನ ಸೈಟಿನದೇ: ಹೊಸ ಮನೆಯೊಂದರ ಮುಂಕೋಣೆಯ ತಾರಸಿ. ಕಂಬಗಳನ್ನು ಶುಕ್ರವಾರವೇ ಬಿಚ್ಚಿ ಇನ್ನೊಂದು ಕಡೆಗೆ ಒಯ್ಯಬೇಕೆಂದು ಅವನು ಬೇಗದ ಮದ್ದು ಹಾಕಿಸಲು ಹೇಳಿದ್ದ. ಅವಳು ಮುಚ್ಚಳ ತೆಗೆದು ಮೂಸಿದಳು. ರಕ್ತದ ವಾಸನೆ ಬಿಟ್ಟು ಬೇರೇನೂ ತಿಳಿಯಲಿಲ್ಲ. ಒಂಟಿ ಕಣ್ಣಿನಲ್ಲಿ ಬಾಗಿ ನೋಡಿದಳು. ಎರಡು ಪೀಪಾಯಿಯಲ್ಲೂ ಒಂದೇ ಕಂದು. ಹೊರಗೆ ಲಾರಿ ಹಾರನ್ ಬಾರಿಸುತ್ತಿತ್ತು. ಎಡಗಡೆಯದೇ ಬೇಗದ್ದಿರಬೇಕು ಎಂದು ಪಂಪಿನ ಪೈಪನ್ನು ಅದಕ್ಕೆ ಇಳಿಬಿಟ್ಟಳು.

ಗುರುವಾರ, ದೂರದ ಲೋಡೊಂದಕ್ಕೆ ತಡದ ಮದ್ದು ಎಳೆಯಲು ಹೋದರೆ ಪಂಪು ಬರೀ ಗಾಳಿ ಹೀರಿ ಗೊರಗುಟ್ಟಿತು. ತಿಂಗಳುಗಟ್ಟಲೆ ಬರಬೇಕಾದ ಪೀಪಾಯಿ ತಳ ಕಂಡಿತ್ತು. ಚಿಟಿಕೆಯಷ್ಟು ಹಾಕಬೇಕಾದ್ದನ್ನು ಬಕೆಟ್‌ಗಟ್ಟಲೆ ಹೊಯ್ದಿದ್ದಳು. ಆ ತಾರಸಿ ವಾರ ಕಳೆದರೂ ಹಿಡಿಯುವುದಿಲ್ಲ. ಬಿಸಿಲಿಗೆ ಮೇಲೆ ಚಕ್ಕೆ ಕಟ್ಟಿ ಕಲ್ಲಿನಂತೆ ಕಾಣುತ್ತದೆ. ಒಳಗೆ ಕಲಸಿದ ಹಿಟ್ಟು. ನಾಳೆ ಬೆಳಿಗ್ಗೆ ಅದರ ಅಡಿಗೆ ನಾದಿನಿ ನುಗ್ಗುತ್ತಾಳೆ.

ಸೂಪರ್‌ವೈಸರ್ ಕೇಳಿಸಿಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಲೋಡ್ ಹೋಯ್ತು, ಸಹಿ ಆಯ್ತು. ಈಗ ತಪ್ಪಾಗಿದೆ ಅಂತ ಬರೆದುಕೊಟ್ರೆ ನಿಮ್ಮ ಕೆಲಸವೂ ಹೋಗುತ್ತೆ, ನನ್ನದೂ ಹೋಗುತ್ತೆ. ಸೈಟು ನಿಮ್ಮ ಯಜಮಾನ್ರದ್ದೇ ಅಲ್ವಾ? ಮನೇಲೇ ಮಾತಾಡಿ ಮುಗಿಸ್ಕೊಳ್ಳಿ."

ಅವಳ ಮುಖದ ಗಾಯಕ್ಕೂ ಅವನು ಹಿಂದೊಮ್ಮೆ ಇದೇ ಮಾತು ಹೇಳಿದ್ದ.

ಸಂಜೆ ಅವನ ತಟ್ಟೆಗೆ ಬಡಿಸಿ, ಅರ್ಧ ಊಟವಾದ ಮೇಲೆ ಬಾಯಿ ಬಿಟ್ಟಳು. "ನಾಳೆ ಬಿಚ್ಚಬೇಡಿ. ಮದ್ದು ಅದಲುಬದಲಾಗಿದೆ. ತಪ್ಪು ನಂದೇ. ಆ ತಾರಸಿ ಇನ್ನೂ ಹಸಿ."

"ಮಧ್ಯಾಹ್ನ ಮೇಲೆ ಹತ್ತಿ ಕುಣಿದು ಬಂದಿದೀನಿ. ಕಲ್ಲಾಗಿದೆ."

"ಅದು ಮೇಲಿನ ಚಕ್ಕೆ."

"ಪೀಪಾಯಿ ತೊಳೆಯೋಳು ನನಗೆ ಸೆಂಟ್ರಿಂಗ್ ಹೇಳಿಕೊಡ್ತೀಯಾ?" ಎಂದು ಅವನು ಎಂಜಲು ಕೈಯಲ್ಲೇ ಅವಳ ಎಡಗೈ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ಅವಳು ಮಂಡಿಯೂರಿದಳು. ಅವಳ ಹಣೆಯನ್ನು ಗೋಡೆಗೆ ಒಮ್ಮೆ ಬಡಿದ, ಮತ್ತೊಮ್ಮೆ ಬಡಿದ, ನೋಡಿ ಲೆಕ್ಕ ಸಾಲದೆಂಬಂತೆ ಇನ್ನೊಮ್ಮೆ. ಆಮೇಲೆ ಕೂತು ಉಳಿದ ಊಟ ಮುಗಿಸಿದ. "ಇನ್ನೊಂದು ಸಲ ಆ ಮಾತು ಎತ್ತಿದ್ರೆ ನಿನ್ನನ್ನೇ ಒಳಗೆ ಕಳಿಸ್ತೀನಿ."

ಮನೆಯ ಒಡೆಯರಿಗಾದರೂ ಹೇಳೋಣವೆಂದರೆ ಅವರು ಬೇರೆ ಊರಿನವರು. ಅವರ ನಂಬರು ಇದ್ದದ್ದು ಅವನ ಫೋನಿನಲ್ಲೇ.

ಪಾತ್ರೆ ತಿಕ್ಕುವಲ್ಲಿ ನಾದಿನಿ ಪಕ್ಕಕ್ಕೆ ಬಂದು ಕೂತು, ಅತ್ತಿಗೆಯ ಕೈಯಿಂದ ಬಾಣಲೆ ಕಿತ್ತುಕೊಂಡು ತಾನು ಉಜ್ಜಿದಳು. ಅವಳಿಗೆ ಎಲ್ಲ ಕೇಳಿಸಿತ್ತು.

"ನಾಳೆ ಹೊಟ್ಟೆನೋವು ಅಂತ ಮಲಗಿಬಿಡೇ."

"ಹೋದ ಸಲ ಮಲಗಿದ್ದಕ್ಕೆ ಬೆಲ್ಟ್ ಬಿಚ್ಚಿದ್ದು ನೆನಪಿಲ್ವಾ ಅತ್ತಿಗೆ? ಬೆನ್ನು ನೆಟ್ಟಗಾಗೋಕೆ ತಿಂಗಳು ಬೇಕಾಯ್ತು." ಬಾಣಲೆ ಬೋರಲು ಹಾಕಿದಳು. "ಅಲ್ಲಾದ್ರೆ ಒಂದೇ ಏಟಿಗೆ ಮುಗಿಯುತ್ತೆ. ಇಲ್ಲಿ ಕಂತಿನಲ್ಲಿ."

"ಮುಚ್ಚೇ ಬಾಯಿ."

"ಮುಚ್ಚಿಕೊಂಡೇ ಹೋಗ್ತೀನಿ ಬಿಡು" ಎಂದು ನಾದಿನಿ ನಕ್ಕಳು.

ಶುಕ್ರವಾರ ಅವಳು ಎಂದಿಗಿಂತ ಮೊದಲೇ ಎದ್ದಳು. ಅವನು ಅಂಗಾತ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ಮಂಚದ ಕೆಳಗಿಂದ ಸುತ್ತಿಗೆ ಎಳೆದುಕೊಂಡಳು. ಕೈಗೆ ಭಾರ ಹಿತವಾಗಿತ್ತು. ಕಣ್ಣಿಗೂ ಕಿವಿಗೂ ನಡುವೆ, ಗೊರಕೆಗೆ ತಕ್ಕಂತೆ ನರವೊಂದು ಮಿಡಿಯುವ ಜಾಗವನ್ನು ನೋಡುತ್ತ ನಿಂತಳು. ಬೆಣೆ ಹಾರಿಸುವಂಥ ಒಂದು ಏಟು ಸಾಕಿತ್ತು. ಸುತ್ತಿಗೆ ಭುಜದವರೆಗೆ ಎದ್ದಿತು ಕೂಡ. ಆಮೇಲೆ ನೆಲ ಒರೆಸುವವಳೂ ತಾನೇ ಎನ್ನಿಸಿತು. ಸೊಂಟಕ್ಕೆ ಸೆರಗು ಬಿಗಿದು ಸುತ್ತಿಗೆಯ ಸಮೇತ ಹೊರಬಿದ್ದಳು.

ಸೈಟಿನಲ್ಲಿ ಯಾರೂ ಇರಲಿಲ್ಲ. ಏಣಿ ಹತ್ತಿ, ಬಿದ್ದಿದ್ದ ಕಬ್ಬಿಣದ ಸರಳೊಂದನ್ನು ತಾರಸಿಗೆ ಕುಕ್ಕಿದಳು. ಚಕ್ಕೆ ಒಡೆಯಿತು, ಸರಳು ತಳದ ಹಲಗೆಗೆ ತಾಗುವವರೆಗೂ ಇಳಿಯಿತು. ಎಳೆದರೆ ಬೂದು ರಾಡಿ ಹತ್ತಿಕೊಂಡು ಬಂತು. ಇದನ್ನು ಅವನಿಗೆ ತೋರಿಸಬಹುದೇ ಎಂದು ಯೋಚಿಸಿದಳು. ಸರಳು ಅವನ ಕೈಯಲ್ಲಿದ್ದರೆ ಮೊದಲು ಇಳಿಯುವುದು ಎಲ್ಲಿಗೆಂದು ಅವಳಿಗೆ ಗೊತ್ತಿತ್ತು. ಕಂಬಗಳು ಮಾತ್ರ ಮಧ್ಯಾಹ್ನದೊಳಗೆ ಇನ್ನೊಂದು ಸೈಟಿಗೆ ಹೋಗಲೇಬೇಕು, ನಾದಿನಿ ನುಗ್ಗಲೇಬೇಕು. ಬೀಳುವುದಾದರೆ ಅಡಿಯಲ್ಲಿ ಯಾರೂ ಇಲ್ಲದ ಈಗಲೇ ಬೀಳಲಿ.

ಬಕೆಟ್ ಮೇಲಕ್ಕೆಳೆಯುವ ಹಗ್ಗ ಗೋಡೆಯ ಬದಿಯಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. ಅದನ್ನು ಹೊತ್ತು ಅವಳು ತಾರಸಿಯ ಅಡಿಗೆ ನುಗ್ಗಿದಳು. ಒಳಗೆ ಕತ್ತಲು, ಕಂಬದಿಂದ ಕಂಬಕ್ಕೆ ಭುಜ ತುರುಕಿದರಷ್ಟೇ ದಾರಿ. ಹಲಗೆಯ ಸಂದಿಯಿಂದ ತಣ್ಣನೆಯ ಹನಿ ಕತ್ತಿಗೆ ಬಿತ್ತು. ನಡುವಿನ ಕಂಬದ ಬುಡಕ್ಕೆ ಹಗ್ಗ ಬಿಗಿದು, ಅದರ ಸುತ್ತಲಿನ ಬೆಣೆಗಳಿಗೆ ಒಂದೊಂದೇ ಏಟು ಹಾಕಿದಳು, ಹಾರದಂತೆ, ಸಡಿಲಾಗುವಷ್ಟು. ಕೊನೆಯದಕ್ಕೆ ಹೊಡೆದಾಗ ಮೇಲೆ ಹಲಗೆ ನರಳಿತು. ಸುತ್ತಿಗೆ ಅಲ್ಲೇ ಬಿಟ್ಟು, ಮೊಣಕಾಲು ತರಚಿಕೊಂಡು, ತೆವಳುತ್ತ ಹೊರಗೆ ಬಂದಳು.

ಹಗ್ಗದ ಇನ್ನೊಂದು ತುದಿ ಹಿಡಿದು ರಸ್ತೆಗೆ ಬಂದು ನಿಂತಳು. ಈಗಲೂ ಹಗ್ಗ ಬಿಚ್ಚಿ ಮನೆಗೆ ಹೋಗಬಹುದಿತ್ತು, ಅವನಿನ್ನೂ ಎದ್ದಿರಲಾರ. ಎಳೆದರೆ ಅವನ ಗುತ್ತಿಗೆ ಹೋಗುತ್ತದೆ, ತನ್ನ ಕೆಲಸ ಹೋಗುತ್ತದೆ, ಆ ಬಾಗಿಲಿಗೆ ಮತ್ತೆ ಕಾಲಿಡುವಂತಿಲ್ಲ. ಯಾರು ಮಾಡಿದ್ದೆಂದು ಕೇಳಿದರೆ ಹೆಸರು ಮುಚ್ಚಿಡುವ ಉದ್ದೇಶವೂ ಅವಳಿಗಿರಲಿಲ್ಲ. ರಸ್ತೆಯ ಎರಡೂ ಕಡೆ ನೋಡಿದಳು, ಒಳಗೆ ಯಾರಾದರೂ ಇದ್ದೀರಾ ಎಂದು ಗಟ್ಟಿಯಾಗಿ ಎರಡು ಸಲ ಕೂಗಿದಳು. ಉತ್ತರ ಬರಲಿಲ್ಲ. ತಿರುಚಿದ ಎಡಗೈ ಬಿಗಿಹಿಡಿಯಲು ಆಗದ್ದರಿಂದ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಪಾದಗಳನ್ನು ಮೋರಿಯ ಕಲ್ಲಿಗೆ ಒತ್ತಿ, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಎಳೆದಳು.