ಯೂನಿಟ್ಟೋ, ಬಲ್ಬಿನ ಲೆಕ್ಕವೋ

ಹಾಲ್ಕುರಿಕೆ ಹತ್ತಿರದ ತೋಟದ ಮನೆಗೆ ನಾನು ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ಎಪ್ಪತ್ತರ ದಶಕದ ಕೊನೆ. ಕರೆಂಟಿನವರು ಬಂದು ಮಾವನಿಗೆ ಎರಡು ದಾರಿ ಹೇಳಿದರು. ಮೀಟರ್ ಓಡಿದಷ್ಟು ಯೂನಿಟ್ಟಿಗೆ ಬಿಲ್ಲು ಕಟ್ಟಬಹುದು. ಬೇಡವೆಂದರೆ ಮೀಟರ್ ಬಿಚ್ಚಿಕೊಂಡು ಹೋಗುತ್ತಾರೆ, ಮನೆಯಲ್ಲಿರುವ ಬಲ್ಬುಗಳನ್ನು ಎಣಿಸಿ ತಿಂಗಳಿಗೆ ಇಷ್ಟು ಎಂದು ಕಟ್ಟಬೇಕು.

ಆ ಮೀಟರಿನ ಮೇಲೆ ಅತ್ತೆಗೆ ಮೊದಲೇ ಅನುಮಾನವಿತ್ತು. ಹಾಡಹಗಲಲ್ಲಿ, ಒಂದು ಬಲ್ಬೂ ಉರಿಯದಿದ್ದಾಗ, ಒಳಗಿನ ಚಕ್ರ ನಿಧಾನವಾಗಿ ಸುತ್ತುತ್ತಿತ್ತು. ಅದರ ಅಂಚಿನ ಕೆಂಪು ಗುರುತು ಮರೆಯಾಗಿ ಮತ್ತೆ ಬರುವುದನ್ನು ನಾವಿಬ್ಬರೂ ನಿಂತು ನೋಡಿದ್ದೆವು. ಕರೆಂಟಿನವರು ಬಂದ ದಿನ ಅತ್ತೆ ಕೇಳಿಯೇಬಿಟ್ಟರು.

"ಎಲ್ಲಾ ಆರಿಸಿದ್ರೂ ತಿರುಗ್ತೈತಲ್ಲ, ಆ ಕರೆಂಟು ಎಲ್ಲಿಗೆ ಹೋಗ್ತೈತೆ?"

"ಮೀಟ್ರು ಕೆಟ್ಟೈತೆ ಕಣೇ, ಸುಮ್ಕಿರು," ಅಂದರು ಮಾವ. ಕೆಟ್ಟ ಮೀಟರ್ ನಂಬುವುದಕ್ಕಿಂತ ಬಲ್ಬಿನ ಲೆಕ್ಕವೇ ವಾಸಿ ಎಂದು ರುಜು ಹಾಕಿದರು. ಮೀಟರ್ ಹೋದ ಮೇಲೆ ಗೋಡೆಯಲ್ಲಿ ಒಂದು ಬಿಳಿ ಚೌಕ ಉಳಿಯಿತು. ಅತ್ತೆಯ ಪ್ರಶ್ನೆಯನ್ನು ಮತ್ತೆ ಯಾರೂ ಎತ್ತಲಿಲ್ಲ.

ಮಳೆ ಹಿಡಿಯಿತು. ಹಸು ಕೊಟ್ಟಿಗೆಯೊಳಕ್ಕೆ ಕಾಲಿಡಲು ಒಪ್ಪದೆ ಹಗ್ಗ ಜಗ್ಗಿ ಹೊರಗೇ ನೆನೆಯುತ್ತಿತ್ತು. ಒಂದು ದಿನ ಕೊಟ್ಟಿಗೆಯ ತಗಡಿಗೆ ಭುಜ ತಾಗಿ ನನ್ನ ಮೈ ಜುಮ್ಮೆಂದಿತು. ಚಳಿಗಿರಬೇಕು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಅದಾದ ಮೂರನೇ ಬೆಳಿಗ್ಗೆ ಅತ್ತೆ ಸಗಣಿ ಬಾಚಲು ಹೋದರು. ಸದ್ದೇ ಇಲ್ಲ. ಹೋಗಿ ನೋಡಿದರೆ ತಗಡಿನ ಅಂಚು ಹಿಡಿದು ನಿಂತಿದ್ದಾರೆ, ಬಾಯಿ ತೆರೆದಿದೆ, ದನಿಯಿಲ್ಲ. ಮುಟ್ಟಲು ಓಡಿದವಳು ಯಾಕೋ ತಡೆದು ನಿಂತೆ. ಜಗಲಿಯ ಮೇಲಿದ್ದ ಒಣ ತೆಂಗಿನ ಮಟ್ಟೆ ಎತ್ತಿ ಅವರ ಕೈಗೆ ಬಲವಾಗಿ ಹೊಡೆದೆ. ಎರಡನೇ ಏಟಿಗೆ ಕೈ ಬಿಟ್ಟು ಕೆಸರಿಗೆ ಬಿದ್ದರು.

ಅತ್ತೆ ಬದುಕಿಕೊಂಡರು. ಕೊಟ್ಟಿಗೆಗೆ ಎಳೆದಿದ್ದ ವೈರು ತೊಲೆಯ ಹತ್ತಿರ ಸವೆದು ತಗಡಿಗೆ ತಾಗಿತ್ತು. ತಿಪಟೂರಿನಿಂದ ಬಂದ ವೈರಿಂಗ್‌ನವನು, ಬಹಳ ದಿನದಿಂದ ಕರೆಂಟು ಹೀಗೇ ಸೋರುತ್ತಿರಬೇಕು ಅಂದ. ಮಾವ ಮಾರನೇ ದಿನವೇ ಹೋಗಿ ಯೂನಿಟ್ ಲೆಕ್ಕಕ್ಕೆ ಅರ್ಜಿ ಕೊಟ್ಟು ಬಂದರು.

ಅತ್ತೆಯ ಬಲಗೈಯ ಎರಡು ಬೆರಳು ಮಾತ್ರ ಮಡಿಚಿಕೊಂಡೇ ಉಳಿದವು. ಮುದ್ದೆ ಮುರಿಯಲು ಆಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಊಟದ ಹೊತ್ತಿಗೆ ಮಾವನೇ ಪಕ್ಕದಲ್ಲಿ ಕೂತು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಅವರ ತಟ್ಟೆಯ ಅಂಚಿಗಿಡುತ್ತಿದ್ದರು. ಅತ್ತೆ ತಲೆಯೆತ್ತದೆ ತಿನ್ನುತ್ತಿದ್ದರು.